ಜಾರಿ ಬಿದ್ದವರನ್ನು ಹುಡುಕುವವ

ಸೇಡಂನ ಕಲ್ಯಾಣ ಮಂಟಪವೊಂದರ ಮೆಟ್ಟಿಲ ಮೇಲೆ ಲಲಿತಾಬಾಯಿ ಜಾರಿ ಬಿದ್ದಾಗ ಸುತ್ತ ಇದ್ದವರಲ್ಲಿ ಅರ್ಧ ಮಂದಿ ಅಯ್ಯೋ ಎಂದರು, ಉಳಿದವರು ಫೋನ್ ಹೊರಗೆ ತೆಗೆದರು. ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್, ಅದರ ಮೇಲೆ ಯಾರೋ ಚೆಲ್ಲಿದ ಶರಬತ್ತು. ಮದುವೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವನೊಬ್ಬ ಹಾಡನ್ನು ಅರ್ಧಕ್ಕೆ ಬಿಟ್ಟು ಬಂದು, ಅವರನ್ನು ಎರಡೂ ಕೈಯಲ್ಲಿ ಎತ್ತಿ ಆಟೋದಲ್ಲಿ ಮಲಗಿಸಿದ. ಆಸ್ಪತ್ರೆಯ ಬಾಗಿಲವರೆಗೂ ಜೊತೆಗೆ ಬಂದು, ಸ್ಟ್ರೆಚರ್ ಬಂದ ಮೇಲೆಯೇ ಹೋದ. ಅವನ ಕೆಂಪು ಕೋಟು ಲಲಿತಾಬಾಯಿಗೆ ನೆನಪಿತ್ತು. ಹೆಸರು ಕೇಳಿರಲಿಲ್ಲ.

ಲಲಿತಾಬಾಯಿ ಚಿತ್ತಾಪುರದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ತಂಗಿಯ ಮಗ ಶಾಂತಕುಮಾರನ ಮನೆಯಲ್ಲಿ ಇದ್ದರು. ಸೊಂಟದ ಎಲುಬು ಮುರಿದಿತ್ತು. ಕಲಬುರಗಿಯಲ್ಲಿ ಆಪರೇಷನ್ ಆಗಿ ಮನೆಗೆ ಬರುವ ಹೊತ್ತಿಗೆ ಶಾಂತಕುಮಾರ ಎಕ್ಸ್‌ರೇ ಸಮೇತ ಎಲ್ಲವನ್ನೂ ಫೇಸ್‌ಬುಕ್ಕಿಗೆ ಹಾಕಿದ್ದ: 'ನಮ್ಮ ದೊಡ್ಡವ್ವ ಸೇಡಂನಾಗ ಟೈಲ್ಸ್ ಮ್ಯಾಲ ಜಾರಿ ಬಿದ್ದು ಸೊಂಟ ಮುರಕೊಂಡಾರ, ಎಲ್ಲರೂ ಪ್ರಾರ್ಥನಾ ಮಾಡ್ರಿ.' ಪ್ರಾರ್ಥನೆ ಎಷ್ಟು ಮಂದಿ ಮಾಡಿದರೋ ಗೊತ್ತಿಲ್ಲ. ಎಲುಬು ಕೂಡಿಸುವ ಎಣ್ಣೆ, ಗಾಲಿಕುರ್ಚಿ, ಜೀವವಿಮೆ ಮಾರುವವರು ಮಾತ್ರ ತಪ್ಪದೆ ಮೆಸೇಜು ಕಳಿಸಿದರು. ಆ ಸಾಲಿನಲ್ಲಿ ಖುದ್ದಾಗಿ ಬಂದವನು ಮಹೇಶಕುಮಾರನೊಬ್ಬನೇ.

ಅವನಿಗೆ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಅಂಗಡಿ ಇತ್ತು. ಮೋಸಂಬಿ ಚೀಲ ಹಿಡಿದು ಬಂದವನು ಮಂಚದ ಪಕ್ಕ ಕುಳಿತು, ಸತ್ತವರ ಮನೆಗೆ ಬಂದವನಂತೆ ದನಿ ತಗ್ಗಿಸಿ ಮಾತು ಶುರು ಮಾಡಿದ. ಟೈಲ್ಸ್ ಎಂಬುದು ಎಂಥ ಯಮ, ನಮ್ಮ ಹಿರಿಯರು ಹಾಕಿಸುತ್ತಿದ್ದ ಪರಸಿ ಎಂಥ ತಾಯಿ ಎಂದು ಬಹಳ ಹೊತ್ತು ಹೇಳಿದ. ಇಂಥ ಮನೆಗೆ, ಇಂಥ ವಯಸ್ಸಿನವರಿಗೆ, ಜಾರದ ಕಲ್ಲು ಹಾಸಿಕೊಡುವುದು ವ್ಯಾಪಾರವಲ್ಲ, ಸೇವೆ ಎಂದ.

ಲಲಿತಾಬಾಯಿ ಪೂರ್ತಿ ಕೇಳಿಸಿಕೊಂಡು, "ತಮ್ಮಾ, ಸ್ವಲ್ಪ ಕೆಳಗ ನೋಡು" ಅಂದರು.

ಮಹೇಶಕುಮಾರ ನೋಡಿದ. ಅವನ ಕಾಲ ಕೆಳಗೆ ಇದ್ದದ್ದು ಪರಸಿ. ಪಡಸಾಲೆ, ಅಡುಗೆಮನೆ, ಅಂಗಳ, ಎಲ್ಲ ಕಡೆ ಅದೇ ಕಲ್ಲು, ಅರವತ್ತು ವರ್ಷ ತುಳಿಸಿಕೊಂಡು ನುಣುಪಾದದ್ದು. ನೆಲ ಮಾರಲು ಬಂದವನು ನೆಲ ನೋಡಿರಲಿಲ್ಲ.

ಬೇರೆಯವನಾಗಿದ್ದರೆ ಮೋಸಂಬಿ ಬಿಟ್ಟು ಎದ್ದುಹೋಗುತ್ತಿದ್ದ. ಇವನಿಗೆ ನಾಚಿಕೆ ಬರಲಿಲ್ಲ. ತನ್ನನ್ನು ಹುಡುಕಿದ್ದು ಹೇಗೆ ಎಂದು ಲಲಿತಾಬಾಯಿ ಕೇಳಿದ್ದೇ ತಡ, ಪರೀಕ್ಷೆಯಲ್ಲಿ ಓದಿದ ಪ್ರಶ್ನೆಯೇ ಬಂದ ಹುಡುಗನಂತೆ ಅರಳಿದ. ಹೈದರಾಬಾದಿನಲ್ಲಿ ಅದಕ್ಕೊಂದು ಕೋರ್ಸು ಮಾಡಿದ್ದನಂತೆ. ಮೊದಲು 'ಟೈಲ್ಸ್' ಅಂತ ಹುಡುಕಿದರೆ ಬರೀ ಟೈಲ್ಸ್ ಮಾರುವವರೇ ಬಂದರು. 'ಜಾರಿ' ಅಂದರೆ ಕಾನೂನು ಜಾರಿಯಾದದ್ದು, ಮಂತ್ರಿಗಳ ನಾಲಿಗೆ ಜಾರಿದ್ದು ಬಂತು. 'ಜಾರಿ ಬಿದ್ದು' ಅಂದರೆ ಬಾವಿಗೆ ಬಿದ್ದು ಸತ್ತವರೇ ಹೆಚ್ಚು. ಸತ್ತವರಿಗೆ ನೆಲ ಹಾಕಿಸುವ ಗರಜಿಲ್ಲವಲ್ಲ, ಹೀಗಾಗಿ 'ಸೊಂಟ' ಸೇರಿಸಿದ. ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದರಿಂದ ಅದನ್ನೇ ಹಾಗೆಯೂ ಹುಡುಕಿದ. ಆಮೇಲೆ ಸೇಡಂ, ವಾಡಿ, ಚಿಂಚೋಳಿ ಎಂದು ಊರು ಸೇರಿಸಿ, ಹಳೆಯದನ್ನೆಲ್ಲ ಬಿಟ್ಟು ಈ ವಾರದ್ದಷ್ಟೇ ತೋರಿಸು ಅಂದರೆ, ಜೋಳ ಹಸನು ಮಾಡಿದಂತೆ, ಬೇಕಾದವರಷ್ಟೇ ಉಳಿಯುತ್ತಾರೆ.

"ಹಂಗ ಹಸನು ಮಾಡಿದಾಗ ನಾ ಉಳದೆ" ಎಂದರು ಲಲಿತಾಬಾಯಿ.

"ಹೌದ್ರಿ ಮೇಡಂ" ಎಂದ ಮಹೇಶಕುಮಾರ, ಸಂತೋಷದಿಂದಲೇ.

ಲಲಿತಾಬಾಯಿ ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಜಾಣತನಕ್ಕೂ ಬುದ್ಧಿಗೂ ಇರುವ ಅಂತರ ಅವರಿಗೆ ತಿಳಿದಿತ್ತು. ಮಲಗಿದಲ್ಲೇ ಅವನಿಗೊಂದು ಕೆಲಸ ಕೊಟ್ಟರು. ಬಿದ್ದವರನ್ನು ಹುಡುಕಿದ್ದೀಯ, ಅವತ್ತು ನನ್ನನ್ನು ಎತ್ತಿ ಆಸ್ಪತ್ರೆಗೆ ಮುಟ್ಟಿಸಿದವರು ಯಾರೆಂದು ಹುಡುಕಿ ಕರೆತಾ. ಶಾಂತಕುಮಾರ ಮೇಲೆ ಎರಡು ಖೋಲಿ ಕಟ್ಟಿಸುತ್ತಿದ್ದಾನೆ, ಅದರ ಕಲ್ಲು ನಿನ್ನಿಂದಲೇ ತರಿಸುತ್ತೇನೆ ಎಂದರು. ಎತ್ತಿದವರು ಗಂಡಸೋ ಹೆಂಗಸೋ ಅವರು ಹೇಳಲಿಲ್ಲ. ಅವನೂ ಕೇಳಲಿಲ್ಲ.

ಒಂದು ವಾರ ಮಹೇಶಕುಮಾರ ತನಗೆ ಗೊತ್ತಿದ್ದ ಮಾತನ್ನೆಲ್ಲ ತಿರುಗಿಸಿ ಮುರುಗಿಸಿ ಹುಡುಕಿದ. ಆ ಮದುವೆಯ ವಿಡಿಯೋಗಳು ಸಿಕ್ಕವು. ಲಲಿತಾಬಾಯಿ ಬಿದ್ದು ನರಳುವುದೇ ಎರಡು ಕಡೆಯಿಂದ ಸಿಕ್ಕಿತು. ಅವರನ್ನು ಎತ್ತಿದ್ದು ಯಾರ ಫೋನಿನಲ್ಲೂ ಇರಲಿಲ್ಲ. ನಾನು ಒಬ್ಬರನ್ನು ಎತ್ತಿದೆ ಎಂದು ಯಾರೂ ಬರೆದುಕೊಂಡಿರಲಿಲ್ಲ. ಕೊನೆಗೆ ಅವನು ಹುಡುಕುವುದನ್ನು ಬಿಟ್ಟು, ಹೊಸ ಸೀರೆ ಉಟ್ಟಿದ್ದ ಒಬ್ಬ ಹೆಂಗಸನ್ನು ಕರೆದುಕೊಂಡು ಚಿತ್ತಾಪುರಕ್ಕೆ ಬಂದ. ಇವರ ಹೆಸರು ರಮಾಬಾಯಿ, ಅವತ್ತು ನಿಮ್ಮನ್ನು ಎತ್ತಿದ ತಾಯಿ ಇವರೇ ಎಂದ. ಮಾತು ಮುಗಿಯುವ ಮೊದಲೇ ಫೋನ್ ಹಿಡಿದು, ಇಬ್ಬರೂ ಕೈ ಕೈ ಹಿಡಿಯಲಿ ಎಂದು ವಿಡಿಯೋ ತೆಗೆಯುತ್ತಿದ್ದ.

ಲಲಿತಾಬಾಯಿ ರಮಾಬಾಯಿಯ ಕೈ ಹಿಡಿದರು. ಒರಟು ಕೈ, ಕಲ್ಲಿನ ಪುಡಿ ಉಗುರಿನ ಸಂದಿಯಲ್ಲಿ ಇನ್ನೂ ಇತ್ತು. ಆಕೆ ನೆಲವನ್ನೇ ನೋಡುತ್ತಿದ್ದಳು. ಗದರಿಸಬೇಕೆಂದು ಬಾಯಿ ತೆರೆದಿದ್ದ ಲಲಿತಾಬಾಯಿ ಮೆತ್ತಗೆ ಕೇಳಿದರು: "ಖರೇ ಹೇಳವ್ವ. ನೀ ಆ ಮದಿವಿಗಿ ಬಂದಿದ್ದೇನು?"

"ಇಲ್ರಿ ಅಕ್ಕೋರ. ನಾ ಇವರ ಅಂಗಡ್ಯಾಗ ಕಸ ಹೊಡೀತೀನ್ರಿ. ಸಾವಕಾರ ಬಾ ಅಂದ್ರು, ಬಂದೀನಿ."

ಲಲಿತಾಬಾಯಿ ಮಹೇಶಕುಮಾರನ ಕಡೆ ತಿರುಗಿದರು. "ನನ್ನ ಎತ್ತಿದವ ಗಂಡಸು. ಬ್ಯಾಂಡಿನ್ಯಾಗ ಕ್ಲಾರಿನೆಟ್ ಊದಾಂವ."

ಮಹೇಶಕುಮಾರ ಫೋನನ್ನು ಜೇಬಿಗಿಟ್ಟ. ತಪ್ಪು ತನ್ನದಲ್ಲವೆಂಬಂತೆ ಸಮಾಧಾನದ ದನಿಯಲ್ಲಿ ಹೇಳಿದ: "ಯಾರು ಎತ್ತಿದ್ರು ಅನ್ನೋದು ದೊಡ್ಡದಲ್ರಿ ಮೇಡಂ. ಮಂದಿ ಮನಸಿಗಿ ಮುಟ್ಟಬೇಕು, ಅದು ದೊಡ್ಡದು."

"ಎದ್ದು ನಡಿ" ಎಂದರು ಲಲಿತಾಬಾಯಿ. ಅದಕ್ಕಿಂತ ಹೆಚ್ಚಿನ ಮಾತು ಅವನ ಮೇಲೆ ಖರ್ಚು ಮಾಡಲಿಲ್ಲ.

ಆದರೆ ಮಂದಿ ಮನಸ್ಸಿಗೆ ಮುಟ್ಟಿತು. ಖರೇ ಹೇಳವ್ವ ಎಂಬುದಕ್ಕಿಂತ ಮೊದಲಿನ ಭಾಗವನ್ನಷ್ಟೇ ಕತ್ತರಿಸಿ, ಹಿಂದೆ ಕೊಳಲಿನ ನಾದ ಹಾಕಿ, ಕೆಳಗೆ ಅಂಗಡಿಯ ವಿಳಾಸ ಬರೆದು ಅವನು ಬಿಟ್ಟ ವಿಡಿಯೋವನ್ನು ಇಡೀ ಜಿಲ್ಲೆ ನೋಡಿತು. ಮಾನವೀಯತೆ ಇನ್ನೂ ಬದುಕಿದೆ ಎಂದು ಸಾವಿರಾರು ಜನ ಬರೆದರು. ಸೇಡಂನ ಅದೇ ಕಲ್ಯಾಣ ಮಂಟಪದವರೂ ಕೈ ಮುಗಿಯುವ ಚಿತ್ರ ಹಾಕಿದರು. ಅವರ ಮೆಟ್ಟಿಲು ಇನ್ನೂ ಹಾಗೆಯೇ ಹೊಳೆಯುತ್ತಿತ್ತು. ಶಾಂತಕುಮಾರನೇ ಹೆಮ್ಮೆಯಿಂದ ಅದನ್ನು ತೋರಿಸಲು ಬಂದು ದೊಡ್ಡವ್ವನಿಂದ ಬೈಸಿಕೊಂಡ. ಲಲಿತಾಬಾಯಿ ಅವನ ಫೋನಿನಿಂದಲೇ ನಡೆದದ್ದನ್ನು ನಡೆದಂತೆ, ಅಕ್ಷರ ತಪ್ಪಿಲ್ಲದೆ, ವಿಡಿಯೋದ ಕೆಳಗೆ ಬರೆದರು. ಸ್ವಲ್ಪ ಹೊತ್ತಿನಲ್ಲಿ ಅದು ಮಾಯವಾಯಿತು. ಮತ್ತೆ ಬರೆಯಲು ಹೋದರೆ ಆ ಪುಟವೇ ತೆರೆಯಲಿಲ್ಲ. ಅಷ್ಟರೊಳಗೆ ಮೂರು ಮಂದಿ ಅವರಿಗೆ ಹೊಟ್ಟೆಕಿಚ್ಚಿನ ಮುದುಕಿ ಎಂದು ಉತ್ತರ ಕೊಟ್ಟಿದ್ದರು.

ರಮಾಬಾಯಿಯನ್ನು ಮಹೇಶಕುಮಾರ ಕೆಲಸದಿಂದ ತೆಗೆದ. ಆ ಸುದ್ದಿ ಹೇಳಲಿಕ್ಕಲ್ಲ, ಸುಳ್ಳು ಹೇಳಲು ಬಂದಿದ್ದಕ್ಕೆ ತಪ್ಪಾಯಿತು ಎನ್ನಲು ಆಕೆ ಮತ್ತೊಮ್ಮೆ ರೈಲು ಹತ್ತಿ ಬಂದಳು. ಲಲಿತಾಬಾಯಿಗೆ ಆಗ ಮೂತ್ರಕ್ಕೆ ಹೋಗಬೇಕಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ರಮಾಬಾಯಿ ಬಗಲಲ್ಲಿ ಕೈ ಕೊಟ್ಟು, ನೋವಾಗದಂತೆ ಎಬ್ಬಿಸಿ ಕರೆದೊಯ್ದಳು. ಮರುದಿನದಿಂದ ಆಕೆಗೆ ಅಲ್ಲಿಯೇ ಕೆಲಸವಾಯಿತು.

ತನ್ನನ್ನು ಎತ್ತಿದ ಆ ಮನುಷ್ಯನನ್ನು ಹುಡುಕಲು ತಾನೇನು ಮಾಡಿದೆ ಎಂಬ ಯೋಚನೆ ಲಲಿತಾಬಾಯಿಗೆ ಬಂದದ್ದು ಆಮೇಲೆ. ಒಬ್ಬ ಮೂರ್ಖನನ್ನು ಓಡಾಡಿಸಿ ನಕ್ಕಿದ್ದೆನೇ ಹೊರತು ಒಂದು ಫೋನ್ ಕೂಡ ಮಾಡಿರಲಿಲ್ಲ ಎನ್ನಿಸಿ ಮುಖ ಬಿಸಿಯಾಯಿತು. ಮದುವೆ ಮನೆಯವರಿಗೆ ಫೋನ್ ಹಚ್ಚಿದರು. ಅವರಿಗೆ ಹೆಸರು ಗೊತ್ತಿರಲಿಲ್ಲ, ಬ್ಯಾಂಡಿನ ಮಾಲಕನ ನಂಬರು ಕೊಟ್ಟರು. ಅವನು ಕ್ಲಾರಿನೆಟ್ ಊದುವ ಚಿಂಚೋಳಿಯ ಹಾಜಿಮಲಂಗ್‌ನ ನಂಬರು ಕೊಟ್ಟ. ಹತ್ತು ನಿಮಿಷದ ಕೆಲಸ.

ಹಾಜಿಮಲಂಗ್‌ಗೆ ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು. ಹತ್ತಿದ ಮೇಲೆ, ಈಗ ನಡೆಯುತ್ತೀರಾ ಎಂದು ಕೇಳಿದ. ವಾಕರ್ ಹಿಡಿದು ನಾಲ್ಕು ಹೆಜ್ಜೆ, ಅಷ್ಟೇ ಎಂದರು ಲಲಿತಾಬಾಯಿ.

"ನಡೀತೀರಿ ಬಿಡ್ರಿ ಟೀಚರ್. ಅಷ್ಟು ನೋವಿನ್ಯಾಗೂ ಆಟೋದವಗ ಬೈಕೋತನ ಬಂದ್ರಿ. ಆಂವ ಹೆದರಿ ತಗ್ಗೆಲ್ಲ ತಪ್ಪಿಸಿ ಹೊಡದ."

ಲಲಿತಾಬಾಯಿಗೆ ಅದು ನೆನಪೇ ಇರಲಿಲ್ಲ. ನಗು ಬಂತು, ನಕ್ಕರೆ ಸೊಂಟ ಹಿಡಿಯಿತು, ರಮಾಬಾಯಿ ಒಳಗಿನಿಂದ ಓಡಿ ಬಂದು ಬೆನ್ನಿಗೆ ಕೈ ಕೊಟ್ಟಳು.