ಮೊದಲ ತುತ್ತಿನ ಸದ್ದು

ಅತ್ತೆಯ ಹಲ್ಲಿನ ಸೆಟ್ಟು ನಾಲ್ಕು ತಿಂಗಳಿಂದ ನನ್ನ ಚೀಲದ ಎಡಗಡೆಯ ಜೇಬಿನಲ್ಲಿತ್ತು. ಅದು ಅಲ್ಲಿರುವುದು ಅತ್ತೆಗೆ ಗೊತ್ತಿಲ್ಲ ಎಂದು ನಾನು ನಂಬಿದ್ದೆ.

ನಾನು ಹಲ್ಲಿನ ಡಾಕ್ಟರ್. ಹಲ್ಲಿನ ಡಾಕ್ಟರಿಲ್ಲದ ನಾಲ್ಕು ಊರುಗಳನ್ನು ಹದಿನೈದು ದಿನಕ್ಕೊಮ್ಮೆ ಸುತ್ತುತ್ತೇನೆ. ಒಂದು ಸುತ್ತಿನಲ್ಲಿ ವಸಡಿನ ಅಚ್ಚು ತೆಗೆದರೆ ಮುಂದಿನದರಲ್ಲಿ ಕಚ್ಚಿನ ಅಳತೆಗೆ ಮೇಣ ಕಚ್ಚಿಸುತ್ತೇನೆ, ಮೂರನೆಯದರಲ್ಲಿ ಸೆಟ್ಟು ಕೂರಿಸುತ್ತೇನೆ. ಮೂರು ವರ್ಷದಿಂದ ಜೊತೆಗೆ ಬರುತ್ತಿರುವವರು ನನ್ನ ಅಪ್ಪನ ಅಕ್ಕ. ವಯಸ್ಸು ಅರವತ್ತೆಂಟು. ಬಾಯಲ್ಲಿ ಹಲ್ಲು ಸೊನ್ನೆ.

ಹೆದರುವವರಿಗೆ ಧೈರ್ಯ ತುಂಬುವುದು ಅತ್ತೆಯ ಕೆಲಸ. ಗುಲಾಬಿ ಬಣ್ಣದ ಅಚ್ಚಿನ ಪುಡಿ ಕಲಸಿದೊಡನೆ ಅವರು ಮುಂದೆ ಬಂದು, “ಮೊದಲು ನನಗಿಡೋ. ನೋಡ್ಕೊಳ್ಳಲಿ” ಎನ್ನುತ್ತಾರೆ. ಎರಡು ನಿಮಿಷ ಅಚ್ಚಿನ ತಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಕೈಬೀಸುತ್ತಾ ಕೂತಿರುತ್ತಾರೆ. ಮೇಣವನ್ನೂ ಹಾಗೆಯೇ ಕಚ್ಚಿ ತೋರಿಸುತ್ತಾರೆ. ಆಮೇಲೆ ಅವನ್ನೆಲ್ಲ ನಾನು ಎಸೆಯುತ್ತೇನೆ ಎಂದು ಅವರ ಲೆಕ್ಕ. ಐದು ತಿಂಗಳ ಹಿಂದೆ ನಾನು ಒಂದು ಅಚ್ಚನ್ನೂ ಒಂದು ಮೇಣವನ್ನೂ ಎಸೆಯಲಿಲ್ಲ; ಅವುಗಳಿಂದ ಅತ್ತೆಗೇ ಒಂದು ಸೆಟ್ಟು ಕಟ್ಟಿದೆ.

ಹಾಕಿಕೊಳ್ಳಿ ಎನ್ನಲು ಧೈರ್ಯ ಬಂದಿರಲಿಲ್ಲ, ಅಷ್ಟೆ. ಹನ್ನೊಂದು ವರ್ಷದ ಹಿಂದೆ ಬೇರೆ ಯಾರೋ ಕಟ್ಟಿದ ಸೆಟ್ಟು ಹಾಕಿಕೊಂಡು ಅತ್ತೆ ಊಟಕ್ಕೆ ಕೂತಿದ್ದಾಗ ಸೀನಿದ್ದರು. ಮೇಲಿನ ಸಾಲು ನೇರ ಹೋಗಿ ಎದುರಿಗೆ ಕೂತಿದ್ದ ಬೀಗರ ತಟ್ಟೆಯಲ್ಲಿ ಬಿತ್ತು. ಬೀಗರು ಸಭ್ಯರು. ಅದನ್ನು ಚಮಚದಿಂದ ಪಕ್ಕಕ್ಕೆ ಸರಿಸಿ ಊಟ ಮುಂದುವರಿಸಿದರು. ಬೈದಿದ್ದರೆ ಅತ್ತೆ ತಡೆದುಕೊಳ್ಳುತ್ತಿದ್ದರು. ಆ ಸಭ್ಯತೆಯನ್ನು ತಡೆದುಕೊಳ್ಳಲಾಗಲಿಲ್ಲ. “ನನ್ನ ಬಾಯಿ ನನ್ನ ಮನೆ. ಇನ್ನು ಬಾಡಿಗೆಗೆ ಯಾರನ್ನೂ ಇಡಲ್ಲ” ಎಂದುಬಿಟ್ಟರು. ಅತ್ತೆ ಒಂದು ಸಲ ಬೇಡ ಎಂದದ್ದನ್ನು ಎರಡನೆಯ ಸಲ ಕೇಳಿ ಗೆದ್ದವರು ನಮ್ಮ ಮನೆತನದಲ್ಲಿ ಇಲ್ಲ.

ಆದರೆ ಅತ್ತೆಯ ತಿನ್ನುವ ಆಸೆ ಸತ್ತಿರಲಿಲ್ಲ.

ಹಲ್ಲು ಕಟ್ಟಿಸಿಕೊಂಡವರಿಗೆ ನಾನೊಂದು ಕಾಗದ ಕೊಡುತ್ತೇನೆ: ಮೊದಲ ವಾರ ಮೆತ್ತಗಿನದು ಮಾತ್ರ, ಸಣ್ಣ ತುಂಡು, ಎರಡೂ ಕಡೆ ಅಗಿಯಿರಿ. ಎಲ್ಲರೂ ಅದನ್ನು ಗೌರವದಿಂದ ಓದಿ, ಮಡಚಿ ಜೇಬಿಗಿಟ್ಟು, ವರ್ಷಗಳಿಂದ ಆಸೆಪಟ್ಟಿದ್ದನ್ನು ತರಿಸುತ್ತಾರೆ. ಜಾರುವುದಾದರೆ ನನ್ನೆದುರೇ ಜಾರಲಿ ಎಂದು ನಾನೂ ಕೂತುಬಿಡುತ್ತೇನೆ. ನಾಲ್ಕು ಊರುಗಳ ರುಚಿ ನನಗೆ ಗೊತ್ತಾದದ್ದು ಹೀಗೆ.

ಮೊದಲ ಊರಿನ ನಿವೃತ್ತ ಹೆಡ್‌ಮಿಸ್ಟ್ರೆಸ್ ಶಾಲೆಯ ಹಿತ್ತಲಿನಿಂದ ದೋರೆ ಸೀಬೆಕಾಯಿ ತರಿಸಿದರು. “ಮೂವತ್ತು ವರ್ಷ ಮಕ್ಕಳ ಕೈಯಿಂದ ಇದನ್ನ ಕಿತ್ಕೊಂಡಿದೀನಿ. ಇವತ್ತು ಯಾರು ಕಿತ್ಕೊಳ್ತಾರೋ ಬರಲಿ!” ಎಂದು ಉಪ್ಪುಖಾರ ಹಚ್ಚಿ ಕಚ್ಚಿದರು. ಎರಡನೆಯ ಊರಿನ ದೋಣಿಯವರು ಬೆರಳುದ್ದದ ಹೊಳೆಮೀನನ್ನು ಗರಿಗರಿ ಕರಿಸಿ ತಲೆಯಿಂದ ಶುರುಮಾಡಿದರು. ಮುಳ್ಳು ತೆಗೆಯಿರಿ ಎಂದೆ. “ತೆಗೆದ್ರೆ ಉಳಿಯೋದೇನು ಡಾಕ್ಟ್ರೇ, ವಾಸನೆನಾ?” ಎಂದರು. ಮೂರನೆಯ ಊರಿನ ಕ್ಷೌರಿಕರು ಮರಳಲ್ಲಿ ಹುರಿದ ಬಿಸಿ ಕಡಲೆಯನ್ನು ಅಂಗೈಯಲ್ಲಿ ಹಿಡಿದು, “ಹಲ್ಲಿದ್ದಾಗ ಕಡಲೆಯಿಲ್ಲ...” ಎಂದು ಆರಂಭಿಸಿದರು. ಆ ತಿಂಗಳು ಆ ಗಾದೆ ಕೇಳಿದ್ದು ಅದು ಒಂಬತ್ತನೆಯ ಸಲ.

“ಗಾದೆ ಆಮೇಲೆ. ಮೊದಲು ಕಡೀರಿ, ಸದ್ದು ಕೇಳ್ಬೇಕು” ಎಂದರು ಅತ್ತೆ.

ಅತ್ತೆ ಬದುಕುತ್ತಿದ್ದುದು ಆ ಸದ್ದಿನ ಮೇಲೆಯೇ. ಬಾಳೆಹಣ್ಣು ಸುಲಿಯುತ್ತಾ ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿ, ಬೇರೆಯವರ ಬಾಯಿಗೆ ಕಿವಿಗೊಡುತ್ತಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ವರದಿ ಒಪ್ಪಿಸುತ್ತಿದ್ದರು: “ಸೀಬೆಕಾಯಿ ಒಂದು ದಿನ ತಡವಾಗಿ ಕಿತ್ತಿದಾರೆ. ಮೀನಿನ ಬಾಲ ಚೆನ್ನಾಗಿತ್ತು, ನಡು ಸ್ವಲ್ಪ ಹಸಿ.” ಅಲ್ಲೇ ರುಚಿ ನೋಡಿರುತ್ತಿದ್ದ ನಾನು ಒಪ್ಪಿಕೊಳ್ಳುತ್ತಿದ್ದೆ. ತಪ್ಪಿದ್ದು ಕಡಿಮೆ.

ಆ ಶುಕ್ರವಾರ ನಾಲ್ಕನೆಯ ಊರಿನ ಬೇಕರಿಯಲ್ಲಿದ್ದೆವು. ಬೇಕರಿಯವರಿಗೆ ಎಪ್ಪತ್ತೊಂದು. ಅವರ ಎಳ್ಳಿನ ಗಟ್ಟಿ ಬಿಸ್ಕತ್ತಿಗೆ ಮೂರು ಊರಾಚೆಯಿಂದ ಜನ ಬರುತ್ತಿದ್ದರು. ಮಾಡುವವರೇ ಅದನ್ನು ಕಚ್ಚಿ ಆರು ವರ್ಷವಾಗಿತ್ತು. ಹನ್ನೊಂದು ನಲವತ್ತಕ್ಕೆ ಸೆಟ್ಟು ಕೂರಿಸಿದೆ. ಅವರು ಕನ್ನಡಿ ನೋಡಲಿಲ್ಲ. ನೇರ ಒಲೆಯ ಬಳಿ ಹೋಗಿ, ಆರಿದ ತಟ್ಟೆಯಿಂದ ಒಂದು ಬಿಸ್ಕತ್ತು ಎತ್ತಿ ಬಾಯಿಗೆ ಹಾಕಿದರು.

ಕರಂ!

ಅವರ ಕಣ್ಣಲ್ಲಿ ನೀರು ತುಂಬಿತು. “ಅದೇ! ಅದೇ ರುಚಿ! ಒಂದು ಕೂದಲೆಳೆ ಬದಲಾಗಿಲ್ಲ!”

“ಎರಡು ನಿಮಿಷ ಬೇಯೋದು ಬಾಕಿ” ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ.

ಬೇಕರಿಯವರ ಅಗಿತ ನಿಂತಿತು. “ಏನಂದ್ರಿ?”

“ಸದ್ದು ಗಿಡ್ಡ ಇದೆ. ಕರಂ ಅಂತು. ಕರ್ರ್‌ರಂ ಅನ್ಬೇಕಿತ್ತು.”

“ನಲವತ್ತಾರು ವರ್ಷದಿಂದ ಒಲೆ ಮುಂದೆ ಇದೀನಿ ಅಮ್ಮಾ!”

“ಆರು ವರ್ಷದಿಂದ ಬರೀ ನಿಂತಿದೀರಿ. ತಿಂದಿಲ್ಲ.”

“ನೀವು ತಿಂದು ಹನ್ನೊಂದು ವರ್ಷ ಆಯ್ತಂತಲ್ಲ! ಚಹಾದಲ್ಲಿ ನೆನೆಸಿ ಕುಡಿಯೋರು ನನ್ನ ಬಿಸ್ಕತ್ತಿಗೆ ಬುದ್ಧಿ ಹೇಳೋದಾ? ಬಾಯಿಗಿಟ್ಟು ಹೇಳಿ, ಒಪ್ಕೋತೀನಿ. ಹೊರಗೆ ಕೂತು ಕೇಳೋದು ಯಾವ ಸೀಮೆ ತೀರ್ಪು?”

ಇಷ್ಟು ಹೇಳಿ ಅವರು ತಟ್ಟೆಯನ್ನು ಅತ್ತೆಯ ಮೂಗಿನ ಕೆಳಗೆ ಹಿಡಿದರು. ಹುರಿದ ಎಳ್ಳಿನ ವಾಸನೆ ನನ್ನವರೆಗೂ ಬಂತು. ಅತ್ತೆ ನನ್ನ ಕಡೆ ಕೈಚಾಚಿದರು.

“ತಾರೋ ಆ ಡಬ್ಬಿ.”

“ಯಾವ ಡಬ್ಬಿ ಅತ್ತೆ?”

“ಎಡಗಡೆ ಜೇಬಿಂದು. ಬಸ್ಸು ಹಳ್ಳ ಹತ್ತಿಳಿದಾಗಲೆಲ್ಲ ಕಟಕಟ ಅನ್ನುತ್ತಲ್ಲ, ಅದು. ನಾಲ್ಕು ತಿಂಗಳಿಂದ ನನ್ನ ಹಲ್ಲು ನಿನ್ನ ಚೀಲದಲ್ಲಿ ಕೂತು ನನ್ನನ್ನ ಅಣಕಿಸ್ತಿದೆ.”

ಡಬ್ಬಿ ತೆರೆದೆ. ತೊಳೆದು ಕೂರಿಸಿದೆ, ಮೇಲಿನದು, ಆಮೇಲೆ ಕೆಳಗಿನದು. ಅತ್ತೆಯ ಕೆನ್ನೆ ಮೇಲೆದ್ದು, ನನ್ನ ಬಾಲ್ಯದ ಅತ್ತೆ ಎದುರಿಗೆ ಕೂತಿದ್ದರು. ಕಾಗದ ಕೊಡಲು ಹೋದೆ. ಅದನ್ನು ಮಡಚಿ ಸೆರಗಿಗೆ ಸಿಕ್ಕಿಸಿ ಬಿಸ್ಕತ್ತು ಕೈಗೆತ್ತಿಕೊಂಡರು.

ಆಗಲೇ ಮೈದಾ ಹಿಟ್ಟಿನ ಧೂಳು ಮೂಗಿಗೆ ಹೋಯಿತು. ಅತ್ತೆಯ ಮೂಗು ಅರಳಿತು. ಬೀಗರ ಕಥೆ ನನ್ನಿಂದ ಕೇಳಿದ್ದ ಬೇಕರಿಯವರು ತಟ್ಟೆಯನ್ನು ಎದೆಗಪ್ಪಿಕೊಂಡು ತಿರುಗಿ ನಿಂತರು. ನಾನು ಎರಡೂ ಕೈಯನ್ನು ಬೊಗಸೆ ಮಾಡಿ ಅತ್ತೆಯ ಬಾಯಿಯ ಮುಂದೆ ಹಿಡಿದೆ. ಇಪ್ಪತ್ತು ವರ್ಷದ ವೃತ್ತಿಯಲ್ಲಿ ನಾನು ಮಾಡಿದ ಏಕೈಕ ಪ್ರಾರ್ಥನೆ ಅದು.

ಆಕ್ಷೀ!

ಬೊಗಸೆ ಖಾಲಿ ಇತ್ತು. ಅತ್ತೆ ನಾಲಗೆಯಿಂದ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಎಲ್ಲವೂ ಹಾಜರು. ಆಮೇಲೆ ಬಿಸ್ಕತ್ತಿನ ಮೂಲೆ ಮುರಿದು ದವಡೆಗಿಟ್ಟು ಕಚ್ಚಿದರು.

ನನಗೆ ಕೇಳಿಸಿದ್ದು ಕರಂ. ಅತ್ತೆಗೆ ಏನು ಕೇಳಿಸಿತೋ, ಕಣ್ಣು ಅಗಲವಾಯಿತು. ಇನ್ನೊಂದು ಮುರಿದರು. ಮತ್ತೊಂದು. ಐದನೆಯದಕ್ಕೆ ಬೇಕರಿಯವರು ತಾಳ್ಮೆ ಕಳೆದುಕೊಂಡರು.

“ಬೆಂದಿದೆಯೋ ಇಲ್ವೋ ಹೇಳಿ!”

“ಸ್ವಲ್ಪ ತಡೀರಿ, ಐದರಲ್ಲಿ ಹೇಳೋಕಾಗಲ್ಲ.” ಏಳಾದ ಮೇಲೆ ಅತ್ತೆ ಬಾಯಿ ಒರೆಸಿಕೊಂಡರು. “ಬೆಂದಿದೆ. ಒಳಗಿಂದ ಕೇಳಿದ್ರೆ ಕರ್ರ್‌ರಂ ಅಂತಲೇ ಇದೆ. ತಲೆಯೆಲ್ಲ ಗುಂಯ್‌ಗುಡುತ್ತೆ!”

ಬೇಕರಿಯವರು ಗೆದ್ದ ಖುಷಿಯಲ್ಲಿ ಇಡೀ ತಟ್ಟೆಯನ್ನೇ ಅತ್ತೆಯ ಮಡಿಲಿಗೆ ಸುರಿದರು. ಇಬ್ಬರೂ ಹೊಸ ಹಲ್ಲು ತೋರಿಸಿಕೊಂಡು ನಗತೊಡಗಿದರು. ನಗು ನಿಲ್ಲುವ ಲಕ್ಷಣ ಕಾಣಲಿಲ್ಲ.

ಅತ್ತೆ ತಟ್ಟನೆ ನಗು ನಿಲ್ಲಿಸಿದರು. “ಹಾಗಾದ್ರೆ ಸೀಬೆಕಾಯಿನೂ ಬೇರೆ ಇರ್ಬೇಕಲ್ಲೋ! ಮೀನೂ! ಮೂರು ವರ್ಷ ನಾನು ಹೇಳಿದ್ದೆಲ್ಲ ಹೊರಗಿನ ತೀರ್ಪು. ಎಲ್ಲಾ ಮತ್ತೆ ನೋಡ್ಬೇಕು. ಏಳು.”

“ಅತ್ತೆ, ಮೊದಲ ವಾರ ಮೆತ್ತಗಿನದು...”

“ಬಾಳೆಹಣ್ಣು ನೀನು ತಿನ್ನು. ಕಡಲೆ ಊರಿಗೆ ಬಸ್ಸು ಎಷ್ಟಕ್ಕೆ?”

ಬಸ್ಸು ಒಂದು ಹತ್ತಕ್ಕಿತ್ತು. ಮೆತ್ತಗಿನದು ಮಾತ್ರ ಎಂದು ಬರೆದ ನನ್ನ ಕಾಗದದಲ್ಲಿ ಉಳಿದ ಬಿಸ್ಕತ್ತುಗಳನ್ನು ಪೊಟ್ಟಣ ಕಟ್ಟಿಕೊಂಡು ಅತ್ತೆ ಕಿಟಕಿ ಪಕ್ಕ ಕೂತರು. ದಾರಿಯುದ್ದಕ್ಕೂ ಅವರು ಒಂದು ಮಾತೂ ಆಡಲಿಲ್ಲ, ಬಾಯಿಗೆ ಬಿಡುವಿರಲಿಲ್ಲ. ನಾನು ಬಾಳೆಹಣ್ಣು ಸುಲಿದುಕೊಂಡು, ಕಣ್ಣು ಮುಚ್ಚಿ, ಕೇಳುತ್ತಾ ಕೂತೆ.