ಲೆಬ್ರೆಕ್ ಪಾದ್ರಿ ಹತ್ತಿದ ಬೆಟ್ಟ

ಆಡುಬೆಟ್ಟದ ಬುಡದಲ್ಲಿ ಸರ್ಕಾರದವರು ಹೊಸ ಬೋರ್ಡು ನೆಟ್ಟರು: ‘ಲೆಬ್ರೆಕ್ ಪಾದ್ರಿ ಪರ್ವತ’. ಸಾಲ್ಮನ್ ಮೀನು ಸೀಳುತ್ತಿದ್ದ ಸೆರಫೀನಜ್ಜಿ ಕೈಯಲ್ಲಿದ್ದ ಚಾಕು ಸಮೇತ ಎದ್ದು ಬಂದಳು.

“ಏನಯ್ಯಾ, ನಮ್ಮ ಡಕೆಲ್ ಬುಡಕಟ್ಟಿನ ಜನ ಯಾವತ್ತಾದ್ರೂ ಬೆಟ್ಟಕ್ಕೆ ಮನುಷ್ಯರ ಹೆಸರಿಟ್ಟಿದ್ದು ಕೇಳಿದೀಯಾ? ನಾಳೆ ನದಿಗೆ ನಿನ್ನ ಹೆಸರಿಡ್ತೀಯೇನು?”

“ಸಿಟ್ಟಾಗಬೇಡಿ ಅಜ್ಜಿ,” ಅಂದ ವ್ಯಾಂಕೂವರಿನಿಂದ ಬಂದಿದ್ದ ಅಧಿಕಾರಿ. “ಇದನ್ನ ಮೊದಲು ಹತ್ತಿದವರು ಆ ಪಾದ್ರಿಗಳೇ ಅಲ್ವಾ?”

ಅಜ್ಜಿಗೆ ಮೈಯೆಲ್ಲ ಉರಿದುಹೋಯಿತು.

“ಹಿಮದಲ್ಲಿ ಕಣ್ಣು ಕಾಣದೆ ಕೂತು ಅಳ್ತಿದ್ದ ಕಣೋ ನಿನ್ನ ಪಾದ್ರಿ! ಅವನನ್ನ ಹೊತ್ಕೊಂಡು ಬೆಟ್ಟ ದಾಟಿಸಿದ್ದು ನಮ್ಮಜ್ಜ. ಆಮೇಲೆ ಸಾಯೋತನಕ ನಮ್ಮಜ್ಜನ ಸೊಂಟ ನೆಟ್ಟಗಾಗ್ಲಿಲ್ಲ. ಹತ್ತಿದ್ದಕ್ಕೆ ಹೆಸರಿಡೋದಾದ್ರೆ ಹೋಗು, ಗೋರಿ ಅಗೆದು ನಮ್ಮಜ್ಜನ ಬೆನ್ನಿಗೆ ಹೊಡಿ ಆ ಬೋರ್ಡನ್ನ. ಪಾದ್ರಿ ಹತ್ತಿದ್ದು ಅದನ್ನೇ!”