ನೀಲಿ ಮಾತ್ರೆ, ಬಿಳಿ ಮಾತ್ರೆ

ಡ್ರಿಪ್ಪಿನ ಹನಿ ಬೀಳುತ್ತಿದೆಯೋ ಇಲ್ಲವೋ, ಬೀಳುತ್ತಿದೆ, ಬರೀ ಸಕ್ಕರೆ ನೀರು ಎಂದಳು ನರ್ಸ್, ವರ್ಷಗಳಿಂದ ಕಾಫಿಗೆ ಸಕ್ಕರೆ ಮುಟ್ಟಿಸದ ಅಮ್ಮನಿಗೆ ಶಿವಮೊಗ್ಗದ ಈ ಆಸ್ಪತ್ರೆಯಲ್ಲಿ ಸಕ್ಕರೆಯನ್ನು ನೇರ ರಕ್ತಕ್ಕೇ ಬಿಡುತ್ತಿದ್ದಾರೆ, ಅವಳು ಕಣ್ಣು ಬಿಟ್ಟಿಲ್ಲ, ಬಿಡುತ್ತಾಳೆ ಎಂದಿದ್ದಾರೆ ಡಾಕ್ಟರು — ಸ್ಟೂಲಿನ ಮೇಲೆ ಕೂತ ಕಾಂತರಾಜ್ ಜೇಬಿನಲ್ಲಿದ್ದ ಎರಡನ್ನೂ ಮುಟ್ಟಿ ನೋಡಿಕೊಳ್ಳುತ್ತಾನೆ, ಇಲ್ಲಿಯ ಮಾತ್ರೆಯ ಸ್ಟ್ರಿಪ್ಪು, ಕೆನಡಾದ ಡಬ್ಬಿ. ಅಲ್ಲಿ ವೃದ್ಧಾಶ್ರಮದಲ್ಲಿ ಕೆಲಸಕ್ಕಿರುವ ತಂಗಿ ಭೂಮಿಕಾ ಪರಿಚಯದವರ ಕೈಲಿ ಕಳಿಸಿದ್ದು, ಅಮ್ಮನ ಶುಗರ್‌ಗೆ ಕಣೋ ಅಣ್ಣ, ಅಷ್ಟೇ ಹೇಳಿದ್ದಳು, ಅವನೂ ಅಷ್ಟಕ್ಕೇ ಫೋನಿಟ್ಟಿದ್ದ, ಮಾತು ಬೆಳೆಸುವುದು ಅವನಿಗೆ ಎಂದೂ ಆಗಿಬಂದಿಲ್ಲ. ಡಬ್ಬಿಯ ಮೇಲೆ ಗ್ಲೈಬ್ಯುರೈಡ್, ಸ್ಟ್ರಿಪ್ಪಿನ ಮೇಲೆ ಗ್ಲಿಬೆನ್‌ಕ್ಲಮೈಡ್, ಅದು ನೀಲಿ, ಇದು ಬಿಳಿ, ಅದು ಉದ್ದ, ಇದು ದುಂಡಗೆ, ಅಂದಮೇಲೆ ಔಷಧವೂ ಬೇರೆಯೇ, ಬಿಎಸ್ಸಿ ಓದಿದವನಿಗೆ ಇನ್ನೇನು ಹೊಳೆಯಬೇಕಿತ್ತು. ಮೂರು ದಿನದ ಹಿಂದೆ, ಭದ್ರಾವತಿಯ ಮನೆ, ಜನ್ನಾಪುರ, ಬೆಳಗಿನ ತಿಂಡಿಯ ಹೊತ್ತು, ಅಮ್ಮ ನಗುತ್ತಿದ್ದಾಳೆ, ಇದೇನೋ ಮಾರಾಯ, ಬಟ್ಟೆಗೆ ಹಾಕೋ ನೀಲಿ ಇದ್ದಂಗೈತೆ, ಒಳಗೆಲ್ಲ ಬೆಳ್ಳಗಾಗುತ್ತೇನೋ, ಹಳೇದು ಬಿಡ್ಲಾ? ಬೇಡ, ಎರಡೂ ತಗೋ, ಇದು ಬೇರೆ. ಭೂಮಿನ ಒಂದು ಮಾತು ಕೇಳೋ. ಅವಳಿಗೀಗ ರಾತ್ರಿ ಕಣಮ್ಮ, ಮಲಗಿರ್ತಾಳೆ — ಕೇಳಬಹುದಿತ್ತು, ಮರುದಿನ ಕೇಳಬಹುದಿತ್ತು, ಮರುದಿನವೂ ಎರಡೇ ಕೊಟ್ಟ, ಅದರ ಮರುದಿನವೂ, ಇವತ್ತು ಬೆಳಿಗ್ಗೆ ಅವಳು ಬೆವರಿ ಸೀರೆಯೆಲ್ಲ ತೊಯ್ದು, ಕೈ ನಡುಗಿ, ಬಾಳಿನುದ್ದಕ್ಕೂ ಗಂಡನ ಹೆಸರನ್ನು ಬಾಯಲ್ಲಿ ಹೇಳದವಳು ಮಗನ ಮುಖ ನೋಡಿ, ನಾಗಯ್ಯ, ಬಂದ್ಯಾ, ಎಂದಳು, ಅಪ್ಪ ಹೋಗಿ ಎಷ್ಟು ಕಾಲವಾಯಿತು. ಎರಡೂ ಒಂದೇ ಮಾತ್ರೆ ಕಣ್ರೀ, ಆ ದೇಶದಲ್ಲಿ ಆ ಹೆಸರು, ನಮ್ಮಲ್ಲಿ ಈ ಹೆಸರು, ಡಬಲ್ ಡೋಸ್ ಆಗಿ ಶುಗರ್ ತೀರಾ ಇಳಿದುಹೋಗಿದೆ, ಯಾರು ಹೇಳಿದ್ದು ಎರಡೂ ಕೊಡೋಕೆ? ಡಾಕ್ಟರು ಕೇಳಿದಾಗ ಅವನು ಎರಡನ್ನೂ ಎತ್ತಿ ಜೇಬಿಗೆ ಹಾಕಿಕೊಂಡ, ಅಮ್ಮನಿಗಾದರೂ ಹೇಳಬೇಕು, ಎದ್ದ ಕೂಡಲೇ, ತಪ್ಪು ನಂದಮ್ಮ ಅಂತ — ರೆಪ್ಪೆ ಅಲುಗಿತು, ಕಾಂತೂ, ಎನ್ನುತ್ತಾಳೆ, ಅವನದೇ ಹೆಸರು, ಸರಿಯಾದ ಹೆಸರು, ತಿಂದ್ಯೇನೋ ಏನಾದ್ರೂ, ಹ್ಞೂಂ ಎನ್ನುತ್ತಾನೆ, ಅದು ಸುಳ್ಳು, ಮಧ್ಯಾಹ್ನವಾದಂಗೈತೆ, ಇವತ್ತಿನ ಮಾತ್ರೆ ಕೊಡ್ಲೇ ಇಲ್ವಲ್ಲೋ ನೀನು, ಎಂದು ಹೊದಿಕೆಯಿಂದ ಕೈ ಹೊರಗೆ ಚಾಚುತ್ತಾಳೆ, ಅಮ್ಮಾ, ಎನ್ನುತ್ತಾನೆ, ಕಿಟಕಿಯ ಕಡೆ ತಿರುಗುತ್ತಾನೆ, ಅಂಗೈ, ಬಾಗಿಲ ಕಡೆ, ಅಂಗೈ, ಯಾವ ಮಾತ್ರೆ, ಯಾಕೆ, ಎಂದು ಕೇಳದೆ ಬಿಚ್ಚಿಕೊಂಡೇ ಇರುವ ಅಂಗೈ